ಆಫ್ರಿಕದ ಬೆಂಕಿಗೆ ಸೌದೆ ಒಟ್ಟುವವರು ಯಾರು?



2022ರ ಆಗಸ್ಟ್ ತಿಂಗಳ ಆರಂಭದಲ್ಲಿ ಭಟ್ಕಳ ತಾಲ್ಲೂಕಿನ ಮುಟ್ಟಳ್ಳಿಯಲ್ಲಿ ಒಂದೇ ದಿನಕ್ಕೆ ಐದುನೂರು ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯಿತು. ಗುಡ್ಡ ಜರಿದು ಮನೆಯ ಮೇಲೆ ಬಿದ್ದು ನಾಲ್ವರು ಪ್ರಾಣ ಬಿಟ್ಟರು. ಇಂಥ ಅನಾಹುತವಾದಾಗ ವಿವೇಕಿಗಳಾದವರು ಏನು ಕೇಳುತ್ತಾರೆ? ಮಳೆ ಏಕೆ ಇಷ್ಟಾಯಿತು, ಗುಡ್ಡದ ಮಣ್ಣು ಏಕೆ ಸಡಿಲವಾಯಿತು, ನೀರಿನ ದಾರಿ ಏನಾಯಿತು ಎಂದು ಕೇಳುತ್ತಾರೆ. "ಮುಟ್ಟಳ್ಳಿಯವರ ಕುಲವೇ ಹಾಗೆ, ಮಣ್ಣಿನಡಿ ಸಿಕ್ಕಿ ಸಾಯುವುದೇ ಅವರ ಸ್ವಭಾವ" ಎಂದು ಯಾರಾದರೂ ನುಡಿದಿದ್ದರೆ ಅವನನ್ನು ನಾವು ಮನುಷ್ಯನೆಂದು ಎಣಿಸುತ್ತಿರಲಿಲ್ಲ. ಸಾವಿಗೆ ಕಾರಣವುಂಟು, ಆ ಕಾರಣವನ್ನು ಹುಡುಕಬೇಕು ಎಂಬುದು ಮನುಷ್ಯನು ಮನುಷ್ಯನಿಗೆ ಸಲ್ಲಿಸಬೇಕಾದ ಕನಿಷ್ಠ ಗೌರವ.

ಈ ಗೌರವವನ್ನು ನಾವು ಒಂದು ಇಡೀ ಖಂಡಕ್ಕೆ ನಿರಾಕರಿಸುತ್ತ ಬಂದಿದ್ದೇವೆ. ಸುಡಾನಿನಲ್ಲಿ ಯುದ್ಧ, ಕಾಂಗೋದಲ್ಲಿ ಯುದ್ಧ, ಸೊಮಾಲಿಯದಲ್ಲಿ ಯುದ್ಧ ಎಂಬ ವರ್ತಮಾನ ಕಿವಿಗೆ ಬಿದ್ದೊಡನೆ ಓದುಬರಹ ಬಲ್ಲವರ ಬಾಯಿಂದಲೂ ಹೊರಡುವ ಮಾತು ಒಂದೇ: "ಅದು ಬುಡಕಟ್ಟುಗಳ ಕಾದಾಟ, ಅವರು ಇರುವುದೇ ಹಾಗೆ." ಇಷ್ಟು ಹೇಳಿ ಪತ್ರಿಕೆಯ ಹಾಳೆ ಮಗುಚುತ್ತೇವೆ. ಈ ಮಾತು ಸುಳ್ಳು. ಸುಳ್ಳಷ್ಟೇ ಆಗಿದ್ದರೆ ಸಹಿಸಬಹುದಾಗಿತ್ತು, ಆದರೆ ಇದು ಲಾಭಕೋರರಿಗೆ ಮರೆಯಾಗಿ ನಿಲ್ಲುವ ಸುಳ್ಳು. ಅದನ್ನು ಬಯಲಿಗೆಳೆಯುವುದೇ ಈ ಲೇಖನದ ಉದ್ದೇಶ.

ಮೊದಲು ಆ ಮಾತನ್ನೇ ಒರೆಗೆ ಹಚ್ಚೋಣ. ಬುಡಕಟ್ಟುಗಳು ಹಲವಾಗಿರುವುದೇ ಯುದ್ಧಕ್ಕೆ ಕಾರಣವಾದರೆ, ಟಾಂಜಾನಿಯ ದೇಶವು ಎಂದೋ ಉರಿದು ಬೂದಿಯಾಗಬೇಕಿತ್ತು. ಅಲ್ಲಿ 120ಕ್ಕೂ ಹೆಚ್ಚು ಜನಾಂಗಗಳಿವೆ. ಜೂಲಿಯಸ್ ನ್ಯೆರೆರೆಯವರ ಕಾಲದಿಂದ ಸ್ವಾಹಿಲಿ ಭಾಷೆಯೊಂದನ್ನು ಎಲ್ಲರ ನಾಲಿಗೆಗೂ ಒಗ್ಗಿಸಿಕೊಂಡ ಆ ದೇಶ 1961ರಲ್ಲಿ ಸ್ವತಂತ್ರವಾದಾಗಿನಿಂದ ಅಂತರ್ಯುದ್ಧವನ್ನು ಕಂಡಿಲ್ಲ. 2025ರ ಚುನಾವಣೆಯ ಕಾಲದಲ್ಲಿ ಅಲ್ಲಿಯೂ ನೆತ್ತರು ಹರಿಯಿತು. ಆದರೆ ಆ ಜಗಳ ಮತಪೆಟ್ಟಿಗೆಯದು, ಕುಲದ್ದಲ್ಲ. ಇನ್ನು ಸೊಮಾಲಿಯವನ್ನು ನೋಡಿರಿ. ಬಹುಮಟ್ಟಿಗೆ ಒಂದೇ ಜನಾಂಗ, ಒಂದೇ ಭಾಷೆ, ಒಂದೇ ಧರ್ಮ. ಇಂಥ ಏಕತೆ ಆ ಖಂಡದಲ್ಲಿ ಅಪರೂಪ. ಆದರೂ 1991ರಲ್ಲಿ ಸಿಯಾದ್ ಬರೆಯ ಆಳಿಕೆ ಕುಸಿದಂದಿನಿಂದ ಅಲ್ಲಿ ಬಂದೂಕು ತಣ್ಣಗಾಗಿಲ್ಲ. ಸೋವಿಯತ್ ಒಕ್ಕೂಟವೂ ಅನಂತರ ಅಮೆರಿಕವೂ ಸರದಿಯ ಮೇಲೆ ಆ ಸರ್ವಾಧಿಕಾರಿಗೆ ಆಯುಧ ತುಂಬಿಕೊಟ್ಟಿದ್ದವು. ಸರ್ಕಾರ ಹೋಯಿತು, ಆಯುಧಗಳು ಉಳಿದವು.

ರುವಾಂಡದ ಉದಾಹರಣೆಯನ್ನು ನಮ್ಮ ಮುಂದೆ ಹಿಡಿಯುವವರುಂಟು. ಹುಟು ಮತ್ತು ಟುಟ್ಸಿ ಎಂಬ ಎರಡು ಪಂಗಡಗಳು 1994ರಲ್ಲಿ ಕಾದಾಡಿದವೆಂದು ಅವರು ಹೇಳುತ್ತಾರೆ. ನಡೆದದ್ದು ಕಾದಾಟವಲ್ಲ, ಆಡಳಿತ ಹಿಡಿದವರು ಯೋಜಿಸಿ ನಡೆಸಿದ ನರಮೇಧ. ಸುಮಾರು ನೂರು ದಿನಗಳಲ್ಲಿ ಎಂಟು ಲಕ್ಷದಷ್ಟು ಜನರನ್ನು ಕೊಂದರು. ಸತ್ತವರಲ್ಲಿ ಟುಟ್ಸಿಗಳೇ ಬಹುಪಾಲು, ಅವರ ಪರ ನಿಂತ ಹುಟುಗಳೂ ಸೇರಿದ್ದರು. ಈ ಎರಡು ಪಂಗಡಗಳ ಭಾಷೆ ಒಂದೇ, ಊರು ಒಂದೇ, ಪ್ರಾರ್ಥನೆ ಮಾಡುವ ಮಂದಿರಗಳೂ ಬಹುಪಾಲು ಒಂದೇ. ಅವರ ನಡುವೆ ಅಳಿಸಲಾಗದ ಗೆರೆ ಎಳೆದವರು ಬೆಲ್ಜಿಯಮ್ಮಿನ ಅಧಿಕಾರಿಗಳು: 1930ರ ದಶಕದಲ್ಲಿ ಪ್ರತಿಯೊಬ್ಬನ ಕೈಗೂ ಗುರುತಿನ ಚೀಟಿ ಕೊಟ್ಟು ಅದರ ಮೇಲೆ ಪಂಗಡದ ಹೆಸರನ್ನು ಬರೆದರು. ಅರವತ್ತು ವರ್ಷಗಳ ಮೇಲೆ ದಾರಿ ಕಟ್ಟಿ ನಿಂತ ಕೊಲೆಗಡುಕರು ಕೇಳಿದ್ದು ಅದೇ ಚೀಟಿಯನ್ನು. ಕೊಲೆ ನಡೆಯುತ್ತಿದ್ದ ಏಪ್ರಿಲ್ ತಿಂಗಳಲ್ಲಿಯೇ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯು ಅಲ್ಲಿದ್ದ ತನ್ನ ಶಾಂತಿಪಡೆಯನ್ನು ಕೆಲವು ನೂರು ಜನರಿಗೆ ಇಳಿಸಿತು. ಇದನ್ನೆಲ್ಲ ಬಿಟ್ಟು "ಬುಡಕಟ್ಟು" ಎಂಬ ಒಂದು ಪದದಲ್ಲಿ ಆ ಕಥೆಯನ್ನು ಮುಗಿಸುವುದು ನ್ಯಾಯವೇ?

ಹಾಗಾದರೆ ಈ ಯುದ್ಧಗಳ ನಿಜವಾದ ಬೇರು ಯಾವುದು? ಕಾಂಗೋ ದೇಶದ ಚರಿತ್ರೆ ಇದಕ್ಕೆ ತಕ್ಕ ಉತ್ತರ ಕೊಡುತ್ತದೆ. 1884-85ರ ಬರ್ಲಿನ್ ಸಮ್ಮೇಳನದ ಕಾಲದಲ್ಲಿ ಯೂರೋಪಿನ ರಾಷ್ಟ್ರಗಳು ಆಫ್ರಿಕವನ್ನು ಹಂಚಿಕೊಳ್ಳುವ ನಿಯಮಗಳನ್ನು ಬರೆದುಕೊಂಡವು. ಆ ಮೇಜಿನ ಸುತ್ತ ಆಫ್ರಿಕದವನು ಒಬ್ಬನೂ ಇರಲಿಲ್ಲ. ಕಾಂಗೋ ಬೆಲ್ಜಿಯಮ್ಮಿನ ದೊರೆ ಎರಡನೆಯ ಲಿಯೊಪೋಲ್ಡನ ಖಾಸಗಿ ಆಸ್ತಿಯಾಯಿತು. ರಬ್ಬರಿಗಾಗಿ ಆತನ ಆಳುಗಳು ನಡೆಸಿದ ಕ್ರೌರ್ಯ ಜಗತ್ತಿಗೆಲ್ಲ ತಿಳಿದು, 1908ರಲ್ಲಿ ಆ ಆಸ್ತಿ ಅವನ ಕೈತಪ್ಪಿ ಬೆಲ್ಜಿಯಮ್ ಸರ್ಕಾರಕ್ಕೆ ಸೇರಿತು. 1945ರಲ್ಲಿ ಹಿರೋಶಿಮಾದ ಮೇಲೆ ಬಿದ್ದ ಬಾಂಬಿನ ಯುರೇನಿಯಮ್ಮಿನ ಬಹುಭಾಗ ಅದೇ ಕಾಂಗೋದ ಶಿಂಕೊಲೊಬ್ವೆ ಗಣಿಯದು. 1960ರ ಜೂನ್ 30ರಂದು ದೇಶ ಸ್ವತಂತ್ರವಾಯಿತು. ಹನ್ನೊಂದು ದಿನಗಳು ಕಳೆಯುವಷ್ಟರಲ್ಲಿ ತಾಮ್ರ ತುಂಬಿದ ಕಟಂಗಾ ಪ್ರಾಂತ್ಯ ಬೇರೆಯಾದೆನೆಂದು ಸಾರಿತು. ಬೆನ್ನಿಗೆ ಬೆಲ್ಜಿಯಮ್ಮಿನ ಗಣಿಕಂಪನಿಯ ಹಣವಿತ್ತು, ಬೆಲ್ಜಿಯಮ್ಮಿನ ಸೈನ್ಯಾಧಿಕಾರಿಗಳಿದ್ದರು. ಚುನಾಯಿತ ಪ್ರಧಾನಿ ಪಾಟ್ರಿಸ್ ಲುಮುಂಬಾ ಅವರನ್ನು 1961ರ ಜನವರಿ 17ರಂದು ಆ ಕಟಂಗಾದಲ್ಲಿಯೇ ಕೊಂದರು. ಇದಕ್ಕಾಗಿ ಬೆಲ್ಜಿಯಮ್ ಸರ್ಕಾರ 2002ರಲ್ಲಿ ಕ್ಷಮೆ ಬೇಡಿತು. ಅದೇ ಕಟಂಗಾದ ಎಲಿಜಬೆತ್‌ವಿಲ್ ನಗರದಲ್ಲಿ, 1961ರ ಡಿಸೆಂಬರ್ 5ರಂದು, ವಿಶ್ವಸಂಸ್ಥೆಯ ಪರವಾಗಿ ಹೋರಾಡಿದ ನಮ್ಮ ಸೈನ್ಯದ ಕ್ಯಾಪ್ಟನ್ ಗುರುಬಚನ್ ಸಿಂಗ್ ಸಲಾರಿಯಾ ವೀರಮರಣ ಹೊಂದಿದರು. ಅವರಿಗೆ ಮರಣೋತ್ತರವಾಗಿ ಪರಮವೀರ ಚಕ್ರ ಸಂದಿತು. ಇದನ್ನು ಬುಡಕಟ್ಟಿನ ಜಗಳವೆನ್ನುವುದಾದರೆ ಬ್ರಸೆಲ್ಸಿನ ಗಣಿಕಂಪನಿಯನ್ನು ಯಾವ ಬುಡಕಟ್ಟಿಗೆ ಸೇರಿಸೋಣ?

ಈ ನಮೂನೆ ಅಲ್ಲಿಗೆ ನಿಲ್ಲಲಿಲ್ಲ. ಅಂಗೋಲದಲ್ಲಿ 1975ರಿಂದ 2002ರವರೆಗೆ ಯುದ್ಧ ನಡೆಯಿತು. ಒಂದು ಪಕ್ಷಕ್ಕೆ ಸೋವಿಯತ್ ಶಸ್ತ್ರ ಮತ್ತು ಕ್ಯೂಬಾದ ಸೈನ್ಯ, ಇನ್ನೊಂದಕ್ಕೆ ಅಮೆರಿಕದ ನೆರವು ಮತ್ತು ವರ್ಣಭೇದದ ದಕ್ಷಿಣ ಆಫ್ರಿಕದ ಸೈನ್ಯ. ಶೀತಲ ಸಮರ ಮುಗಿದು ಯಜಮಾನರು ಹೊರಟುಹೋದರೂ ಯುದ್ಧ ಮುಗಿಯಲಿಲ್ಲ. ಸರ್ಕಾರದ ಬಳಿ ಎಣ್ಣೆಯಿತ್ತು, ಬಂಡಾಯಗಾರ ಸವಿಂಬಿಯ ಬಳಿ ವಜ್ರವಿತ್ತು. ಸಿಯೆರಾ ಲಿಯೋನಿನಲ್ಲಿ 1991ರಿಂದ 2002ರವರೆಗೆ ಬಂಡುಕೋರರು ಜನರ ಕೈಗಳನ್ನು ಕಡಿದರು, ಮಕ್ಕಳ ಹೆಗಲಿಗೆ ಬಂದೂಕು ಏರಿಸಿದರು, ಖರ್ಚಿಗೆ ವಜ್ರವಿತ್ತು. 2000ದಲ್ಲಿ ಅಲ್ಲಿ ಶಾಂತಿಪಾಲನೆಗೆ ಹೋಗಿದ್ದ ಭಾರತೀಯ ಸೈನಿಕರೇ ಎರಡು ತಿಂಗಳಿಗೂ ಹೆಚ್ಚು ಕಾಲ ಮುತ್ತಿಗೆಯಲ್ಲಿ ಸಿಕ್ಕಿಬಿದ್ದು, ಜುಲೈ ತಿಂಗಳ ಕಾರ್ಯಾಚರಣೆಯಿಂದ ಹೊರಬಂದರು. ಜಗತ್ತಿನ ಮದುವೆಯ ಉಂಗುರಗಳಲ್ಲಿ ರಕ್ತ ಕಂಡಮೇಲೆಯೇ, 2003ರಲ್ಲಿ, ಒರಟು ವಜ್ರಕ್ಕೆ ಹುಟ್ಟಿದೆಡೆಯ ಪ್ರಮಾಣಪತ್ರ ಬೇಕೆಂಬ ಕಿಂಬರ್ಲಿ ವ್ಯವಸ್ಥೆ ಜಾರಿಗೆ ಬಂದಿತು. ಕೊಳ್ಳುವವರು ಕೇಳಲು ತೊಡಗಿದರೆ ಮಾರುವವರು ಉತ್ತರಿಸಲೇಬೇಕಾಗುತ್ತದೆ ಎಂಬ ಪಾಠ ಅದರಲ್ಲಿದೆ.

ಇದೆಲ್ಲ ದೂರದ ಕಥೆಯೆಂದು ತೋರಿದರೆ, ಭಟ್ಕಳದ ಬಂದರನ್ನೇ ಕೇಳಿರಿ. ವಿಜಯನಗರದ ಕಾಲದಲ್ಲಿ ಹೊರಮುಜ್ ಮತ್ತು ಅರಬ್ ತೀರಗಳಿಂದ ಯುದ್ಧದ ಕುದುರೆಗಳು ಇಳಿಯುತ್ತಿದ್ದ ರೇವುಗಳಲ್ಲಿ ಭಟ್ಕಳ ಮುಖ್ಯವಾದುದು. ಅಕ್ಕಿ, ಸಕ್ಕರೆ, ಕಬ್ಬಿಣ ಹೊರಗೆ ಹೋಗುತ್ತಿದ್ದವು. ಕುದುರೆ ಒಳಗೆ ಬರುತ್ತಿತ್ತು. ಘಟ್ಟ ಹತ್ತಿ ಹೋದ ಆ ಕುದುರೆಗಳ ಬೆನ್ನ ಮೇಲೆ ತುಂಗಭದ್ರೆಯ ಎರಡು ದಂಡೆಗಳ ಅರಸರು ಕಾದಾಡಿದರು. ಹದಿನೈದನೆಯ ಶತಮಾನದಲ್ಲಿ ಭಟ್ಕಳದ ಮುಸಲ್ಮಾನ ವರ್ತಕರು ಬಹಮನಿಗಳಿಗೆ ಕುದುರೆ ಮಾರಿದರೆಂಬ ಕಾರಣಕ್ಕೆ ವಿಜಯನಗರದ ಅರಸನ ಆಜ್ಞೆಯಿಂದ ಅವರ ಕೊಲೆಯಾಯಿತೆಂದು ಪೋರ್ಚುಗೀಸ್ ಇತಿಹಾಸಕಾರ ಬಾರೋಸ್ ಬರೆದಿಟ್ಟಿದ್ದಾನೆ. ಮೇಲೆ ನೋಡಿದರೆ ಅದು ಮತದ ಹಗೆ. ಒಳಗೆ ನೋಡಿದರೆ ಕುದುರೆಯ ಲೆಕ್ಕ. 1510ರಲ್ಲಿ ಗೋವೆಯನ್ನು ಹಿಡಿದ ಪೋರ್ಚುಗೀಸರಿಗೆ ಈ ಲೆಕ್ಕ ಚೆನ್ನಾಗಿ ತಿಳಿದಿತ್ತು. ಕುದುರೆಯ ವ್ಯಾಪಾರವನ್ನು ತಮ್ಮ ಮುಷ್ಟಿಯಲ್ಲಿಟ್ಟುಕೊಂಡರೆ ಒಳನಾಡಿನ ಅರಸರೆಲ್ಲ ತಮ್ಮ ಬಾಗಿಲಿಗೆ ಬರುತ್ತಾರೆಂದು ಅವರು ಬಲ್ಲರು. 1542ರಲ್ಲಿ ಮಾರ್ಟಿಮ್ ಅಫೋನ್ಸೋ ದ ಸೋಜ ಭಟ್ಕಳದ ರಾಣಿಯ ಪಟ್ಟಣವನ್ನೇ ಸುಟ್ಟು ಸೂರೆಮಾಡಿದನು. ಅಂದಿನ ಯೂರೋಪಿನವನೊಬ್ಬ "ಕನ್ನಡಿಗರು ಸ್ವಭಾವತಃ ಕಾದಾಡುವ ಕುಲ" ಎಂದು ಬರೆದು ಕೈತೊಳೆದುಕೊಂಡಿದ್ದರೆ ನಾವು ಒಪ್ಪುತ್ತಿದ್ದೆವೇ? ಕುದುರೆ ಮಾರಿದವನ ಹೆಸರನ್ನೂ ಬರೆಯೆಂದು ಕೇಳುತ್ತಿರಲಿಲ್ಲವೇ? ಅಂದಿನ ಕುದುರೆಯ ಸ್ಥಾನದಲ್ಲಿ ಇಂದು ಬಂಗಾರವಿದೆ, ಕೋಬಾಲ್ಟ್ ಇದೆ, ಕೋಲ್ಟಾನ್ ಇದೆ.

ಇಂದಿನ ಸುಡಾನಿಗೆ ಬರೋಣ. 2011ರಲ್ಲಿ ದಕ್ಷಿಣ ಸುಡಾನ್ ಬೇರೆಯಾದಾಗ ಎಣ್ಣೆಯ ಮುಕ್ಕಾಲು ಪಾಲು ಅದರೊಂದಿಗೆ ಹೋಯಿತು; ಉಳಿದ ಸುಡಾನಿಗೆ ಬಂಗಾರವೇ ಗತಿಯಾಯಿತು. 2003ರಲ್ಲಿ ದಾರ್‌ಫುರ್ ಪ್ರಾಂತ್ಯದ ಜನರನ್ನು ತುಳಿಯಲು ಖಾರ್ಟೂಮಿನ ಸರ್ಕಾರವೇ ಸಾಕಿದ ಜಂಜಾವೀದ್ ದಂಡು 2013ರಲ್ಲಿ ಅರೆಸೇನೆಯ ರೂಪ ತಾಳಿ, ದಾರ್‌ಫುರಿನ ಬಂಗಾರದ ಗಣಿಗಳ ಮೇಲೆ ಹಿಡಿತ ಸಾಧಿಸಿತು. 2021ರಲ್ಲಿ ಸೇನಾಪತಿ ಬುರ್ಹಾನ್ ಮತ್ತು ಅರೆಸೇನೆಯ ನಾಯಕ ಹೆಮೆದ್ತಿ ಕೂಡಿ ಜನರ ಸರ್ಕಾರವನ್ನು ಕೆಡವಿದರು. 2023ರ ಏಪ್ರಿಲ್ 15ರಂದು ತಮ್ಮೊಳಗೇ ಯುದ್ಧ ಹೂಡಿದರು. ಒಂದು ಕೋಟಿಗೂ ಮಿಕ್ಕಿದ ಜನ ಮನೆ ಬಿಟ್ಟರು. 2024ರ ಆಗಸ್ಟಿನಲ್ಲಿ ಜಮ್‌ಜಮ್ ಶಿಬಿರದಲ್ಲಿ ಕ್ಷಾಮವಿದೆಯೆಂದು ಘೋಷಣೆಯಾಯಿತು. ಅದರ ನೆರೆಯ ಅಲ್ ಫಾಶಿರ್ ನಗರ ಒಂದೂವರೆ ವರ್ಷದ ಮುತ್ತಿಗೆಯ ನಂತರ 2025ರ ಅಕ್ಟೋಬರಿನಲ್ಲಿ ಅರೆಸೇನೆಯ ಕೈವಶವಾಯಿತು. ಆಮೇಲೆ ನಡೆದ ಸಾಮೂಹಿಕ ಕೊಲೆಗಳನ್ನು ಜಗತ್ತು ಕಂಡಿತು. ಸುಡಾನಿನ ಬಂಗಾರದ ಬಹುಪಾಲು ಹೋಗಿ ಸೇರುವುದು ಸಂಯುಕ್ತ ಅರಬ್ ಎಮಿರೇಟಿನ ಪೇಟೆಗೆ. ಅರೆಸೇನೆಗೆ ಆ ದೇಶದಿಂದ ಶಸ್ತ್ರ ಹೋಗುತ್ತಿದೆಯೆಂಬ ಆರೋಪ ವಿಶ್ವಸಂಸ್ಥೆಯ ತಜ್ಞರ ವರದಿಯಲ್ಲಿ ಬಂದಿದೆ. ಆ ದೇಶ ಅದನ್ನು ಅಲ್ಲಗಳೆದಿದೆ. ಸೇನೆಯ ಬೆನ್ನಿಗೂ ಹೊರಗಿನವರಿದ್ದಾರೆ.

ಈ ಅಲ್ ಫಾಶಿರ್ ಎಂಬ ಹೆಸರು ಕನ್ನಡಿಗರಿಗೆ ಹೊಸದಲ್ಲ. ಯುದ್ಧ ಹೊತ್ತಿದ ವಾರ, ನಮ್ಮ ನಾಡಿನ ಹಕ್ಕಿಪಿಕ್ಕಿ ಜನರು ಮೂವತ್ತಕ್ಕೂ ಹೆಚ್ಚು ಮಂದಿ ಅದೇ ನಗರದಲ್ಲಿ ಅನ್ನ ನೀರಿಲ್ಲದೆ ಸಿಕ್ಕಿಕೊಂಡಿದ್ದರು. 1972ರ ವನ್ಯಜೀವಿ ಕಾಯಿದೆಯಿಂದ ಬೇಟೆ ನಿಂತಮೇಲೆ ಗಿಡಮೂಲಿಕೆಯ ಎಣ್ಣೆ, ಔಷಧಿಗಳನ್ನು ಹೊತ್ತು ಆಫ್ರಿಕದ ಊರೂರು ತಿರುಗಿ ಬಾಳುವ ಜನ ಅವರು. ಭಾರತ ಸರ್ಕಾರ ಅಂದು "ಕಾವೇರಿ" ಎಂಬ ಹೆಸರಿನಲ್ಲಿ ಕಾರ್ಯಾಚರಣೆ ನಡೆಸಿ ಸುಡಾನಿನಿಂದ 3,862 ಜನರನ್ನು ಕರೆತಂದಿತು, ಹಕ್ಕಿಪಿಕ್ಕಿಗಳೂ ಮರಳಿದರು. ಅದು ಅಭಿಮಾನ ಪಡಬೇಕಾದ ಕೆಲಸ. ಆದರೆ ನಮ್ಮವರ ವಿಮಾನ ಇಳಿದ ದಿನವೇ ನಮ್ಮ ಗಮನವೂ ಇಳಿದುಹೋಯಿತು. ಅವರಿಗೆ ಎಣ್ಣೆಗೆ ಕಾಸು ಕೊಟ್ಟು, ಮನೆ ಬಾಡಿಗೆಗೆ ಕೊಟ್ಟು, ನೆರೆಹೊರೆಯಾಗಿದ್ದ ಅಲ್ ಫಾಶಿರಿನ ಜನ ಏನಾದರೆಂದು ನಾವು ಕೇಳಲಿಲ್ಲ.

ಇಲ್ಲಿ ಎರಡು ಆಕ್ಷೇಪಣೆಗಳು ಏಳುತ್ತವೆ. ಮೊದಲನೆಯದು: "ತಮ್ಮ ಜನರನ್ನೇ ಕೊಲ್ಲುವ ಆ ನಾಯಕರು ನಿರ್ದೋಷಿಗಳೇ?" ಖಂಡಿತ ಅಲ್ಲ. ಸಿಯೆರಾ ಲಿಯೋನಿನ ಬಂಡುಕೋರರಿಗೆ ಒತ್ತಾಸೆಯಾಗಿದ್ದ ಲೈಬೀರಿಯದ ಅಧ್ಯಕ್ಷ ಚಾರ್ಲ್ಸ್ ಟೇಲರ್ ಎಂಬಾತನಿಗೆ 2012ರಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯವೊಂದು 50 ವರ್ಷಗಳ ಸೆರೆವಾಸ ವಿಧಿಸಿತು, ಅದು ಧರ್ಮವೇ. ಸುಡಾನಿನ ಇಬ್ಬರು ದಂಡನಾಯಕರೂ ಅಂಥ ಕಟಕಟೆಯನ್ನು ಏರಬೇಕಾದವರೇ. ಆದರೆ ಕೊಡಲಿ ಹಿಡಿದವನ ಪಾಪದಿಂದ ಕೊಡಲಿ ಮಾರಿದವನ ಪಾಪ ತೀರುವುದಿಲ್ಲ, ಕದ್ದ ಸೌದೆಯನ್ನು ಅಗ್ಗವಾಗಿ ಕೊಂಡವನ ಪಾಪವೂ ತೀರುವುದಿಲ್ಲ. ವ್ಯಕ್ತಿಯನ್ನು ಹೆಸರಿಡಿದು ದೂಷಿಸುವುದು ನ್ಯಾಯ. ಅವನ ಕುಲವನ್ನೂ ಮೈಬಣ್ಣವನ್ನೂ ದೂಷಿಸುವುದು ನ್ಯಾಯದ ವೇಷ ತೊಟ್ಟ ತಿರಸ್ಕಾರ.

ಎರಡನೆಯದು: "ಕರಾವಳಿಯ ಮೂಲೆಯಲ್ಲಿರುವ ನಮಗೆ ಇದರ ಗೊಡವೆ ಏಕೆ?" ಈ ಆಕ್ಷೇಪಣೆಯನ್ನು ಎತ್ತುವ ಹಕ್ಕು ಉತ್ತರ ಕನ್ನಡದವರಿಗೆ ಎಲ್ಲರಿಗಿಂತ ಕಡಿಮೆ. ಯಲ್ಲಾಪುರ, ಹಳಿಯಾಳ, ಅಂಕೋಲೆಗಳ ಕಾಡಂಚಿನಲ್ಲಿ ಬಾಳುವ ಸಿದ್ದಿಗಳು ಆಫ್ರಿಕದ ಮಕ್ಕಳು. ಪೋರ್ಚುಗೀಸರ ಹಡಗುಗಳಲ್ಲಿ ಗುಲಾಮರಾಗಿ ಬಂದವರ ಸಂತತಿಯವರು, ಕನ್ನಡ ಕೊಂಕಣಿಗಳನ್ನು ಆಡುವವರು, ನಮ್ಮ ಜಿಲ್ಲೆಯ ಮತದಾರರು. ಅವರನ್ನು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿಸಲು 2003ರ ವರೆಗೆ ಕಾಯಬೇಕಾಯಿತು. ಅವರಲ್ಲೊಬ್ಬರಾದ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತನ್ನು ಪ್ರವೇಶಿಸಿದ್ದು 2020ರಲ್ಲಿ. "ಅವರು ಇರುವುದೇ ಹಾಗೆ" ಎಂಬ ಮಾತನ್ನು ಸಂತೆಯಲ್ಲಿ ನಿಂತ ಸಿದ್ದಿ ತಾಯಿಯೊಬ್ಬಳ ಎದುರು ಹೇಳಲು ನಿಮ್ಮ ನಾಲಿಗೆ ಏಳುವುದೇ?

ಅದಕ್ಕಿಂತ ಹತ್ತಿರದ ಕಾರಣವೂ ಒಂದಿದೆ. 1993ರಲ್ಲಿ ಭಟ್ಕಳದಲ್ಲಿ ಕೋಮುಗಲಭೆ ಎದ್ದು ತಿಂಗಳುಗಟ್ಟಲೆ ಉರಿಯಿತು. ನ್ಯಾಯಮೂರ್ತಿ ಜಗನ್ನಾಥ ಶೆಟ್ಟಿಯವರ ಆಯೋಗ ವಿಚಾರಣೆ ನಡೆಸಿತು. 1996ರಲ್ಲಿ ಶಾಸಕ ಡಾ. ಚಿತ್ತರಂಜನ್ ಅವರನ್ನು ಗುಂಡಿಟ್ಟು ಕೊಂದರು. ಅಂದಿನಿಂದ ಹೊರಗಿನವರು ಈ ಊರಿನ ಹೆಸರು ಕೇಳಿದೊಡನೆ ಹುಬ್ಬು ಗಂಟಿಕ್ಕುವುದನ್ನು ಭಟ್ಕಳದ ಹಿಂದೂವೂ ಬಲ್ಲ, ಮುಸಲ್ಮಾನನೂ ಬಲ್ಲ. ಊರಿನ ಮೀನುಗಾರ, ಮಲ್ಲಿಗೆ ಕಟ್ಟುವ ಹೆಂಗಸು, ಶಾಲೆಯ ಮಾಸ್ತರು ಯಾರೂ ಆ ಹುಬ್ಬಿಗೆ ಕಾಣುವುದಿಲ್ಲ. ಕಾಣುವುದು ಒಂದು ಹಣೆಪಟ್ಟಿ ಮಾತ್ರ. ಈ ಅನ್ಯಾಯವನ್ನು ಉಂಡ ಊರಿನವರೇ ಅದನ್ನು ಒಂದು ಖಂಡದ ಜನರಿಗೆ ಬಡಿಸಬಹುದೇ?

ವಾಚಕರೇ, ಹಾಗಾದರೆ ಮಾಡತಕ್ಕದ್ದೇನು? ಯುದ್ಧಗಳನ್ನು ನಿಲ್ಲಿಸುವ ಶಕ್ತಿ ನಮಗಿಲ್ಲ. ಆದರೆ ನಮ್ಮ ನಾಲಿಗೆಯೂ ನಮ್ಮ ಕೈಚೀಲವೂ ನಮ್ಮ ಅಧೀನದಲ್ಲಿವೆ.

ಮಠದ ಪ್ರಸಾದ ನಿಲಯಗಳಲ್ಲಿ ಉಂಡು ಓದಿ ಇಂದು ಶಾಲಾ ಕಾಲೇಜುಗಳಲ್ಲಿ ಪಾಠ ಹೇಳುತ್ತಿರುವ ಹಳೆಯ ವಿದ್ಯಾರ್ಥಿಗಳು ಅಸಂಖ್ಯಾತರಿದ್ದೀರಿ. ಆಫ್ರಿಕದ ಭೂಪಟವನ್ನು ಗೋಡೆಗೆ ತೂಗುಹಾಕುವಾಗ ಆ ನೇರ ಗೆರೆಗಳನ್ನು ಎಳೆದವರಾರೆಂದು ಮಕ್ಕಳಿಗೆ ಹೇಳಿರಿ. ಲುಮುಂಬಾ ಯಾರೆಂದು ಹೇಳಿರಿ. ನಮ್ಮ ಸೈನಿಕರು ಅಲ್ಲಿ ಏಕೆ ಮಡಿದರೆಂದು ಹೇಳಿರಿ. ಬೆಂಗಳೂರು, ಧಾರವಾಡಗಳ ಕಾಲೇಜುಗಳಿಗೆ ಓದಲು ಬಂದ ಆಫ್ರಿಕದ ತರುಣರನ್ನು ಜನ ಯಾವ ಹೆಸರಿನಿಂದ ಕೂಗುತ್ತಾರೆಂಬುದು ನಿಮಗೆ ತಿಳಿಯದ ವಿಷಯವಲ್ಲ. ಆ ಕೂಗು ತರಗತಿಯಲ್ಲಿಯೇ ನಿಲ್ಲಬೇಕು.

ಎರಡನೆಯದಾಗಿ ಬಂಗಾರ. ಜಗತ್ತಿನಲ್ಲಿ ಬಂಗಾರವನ್ನು ಅತಿ ಹೆಚ್ಚು ಕೊಳ್ಳುವ ಎರಡು ರಾಷ್ಟ್ರಗಳಲ್ಲಿ ನಮ್ಮದೊಂದು. ಎಮಿರೇಟಿನ ಪೇಟೆಯಿಂದಲೂ ನಮಗೆ ಬಂಗಾರ ಬರುತ್ತದೆ. ಭಟ್ಕಳ, ಹೊನ್ನಾವರ, ಕುಮಟೆಗಳ ಯಾವುದೇ ಅಂಗಡಿಯಲ್ಲಿ ಒಂದು ಸರ ಕೊಂಡರೆ ಅದರ ಮೇಲೆ ಆರು ಅಕ್ಷರಾಂಕಗಳ ಹಾಲ್‌ಮಾರ್ಕ್ ಗುರುತಿರುತ್ತದೆ. 2023ರ ಏಪ್ರಿಲ್‌ನಿಂದ ಅದು ಕಡ್ಡಾಯ. ಚಿನ್ನದ ಶುದ್ಧಿ ಎಷ್ಟೆಂದು ಆ ಗುರುತು ಹೇಳುತ್ತದೆ. ಅದು ಯಾವ ನೆಲದಿಂದ ಎದ್ದಿತು, ಯಾರ ಬಂದೂಕಿನ ನೆರಳಿನಲ್ಲಿ ಎದ್ದಿತು ಎಂದು ಹೇಳುವುದಿಲ್ಲ. ಒರಟು ವಜ್ರಕ್ಕೆ ಹುಟ್ಟಿದೆಡೆಯ ಪತ್ರ ಬೇಕೆಂದಾದರೆ ಬಂಗಾರಕ್ಕೇಕೆ ಬೇಡ? ಈ ಪ್ರಶ್ನೆಯನ್ನು ಅಂಗಡಿಯವರಿಗೂ ಕೇಳಿರಿ, ನಿಮ್ಮ ಸಂಸದರಿಗೂ ಬರೆದು ಕೇಳಿರಿ. ಸಾಮೂಹಿಕ ವಿವಾಹಗಳನ್ನು ನಡೆಸುವ ಮಠಗಳು ತಾಳಿಗೆ ಹೊಸ ಬಂಗಾರದ ಬದಲು ಭಕ್ತರ ಮನೆಯ ಹಳೆಯ ಬಂಗಾರವನ್ನು ಕರಗಿಸಿ ಬಳಸುವ ಕ್ರಮವನ್ನು ಆರಂಭಿಸಿದರೆ ಅದು ಸಣ್ಣ ಕೆಲಸವಲ್ಲ. ದ್ರವ್ಯ ಎಲ್ಲಿಂದ ಬಂತೆಂದು ಕೇಳದೆ ದಾಸೋಹ ನಡೆಯದೆಂಬ ಪರಂಪರೆಯವರಿಗೆ ಇದು ಹೊಸ ಉಪದೇಶವೇನೂ ಅಲ್ಲ. ಕಾಂಗೋದ ಕೋಬಾಲ್ಟಿಗೂ ಇದೇ ಮಾತು. ಜಗತ್ತಿನ ಕೋಬಾಲ್ಟಿನ ಮೂರರಲ್ಲಿ ಎರಡು ಪಾಲಿಗೂ ಮಿಕ್ಕಿ ಆ ಒಂದು ದೇಶದ್ದು; ನಮ್ಮ ಅಂಗೈಯ ಮೊಬೈಲಿನಲ್ಲಿ ಅದರ ಒಂದು ಕಣವಿದ್ದರೆ ಆಶ್ಚರ್ಯವಿಲ್ಲ.

ಮೂರನೆಯದಾಗಿ, ಹಕ್ಕಿಪಿಕ್ಕಿಗಳಂತೆ ಹೊಟ್ಟೆಪಾಡಿಗೆ ಕಡಲು ದಾಟುವ ಬಡವರ ಲೆಕ್ಕವನ್ನು ರಾಜ್ಯ ಸರ್ಕಾರ ಇಟ್ಟುಕೊಳ್ಳಲಿ. ಯಾವ ದೇಶದಲ್ಲಿ ನಮ್ಮವರು ಎಷ್ಟು ಜನ ಇದ್ದಾರೆಂಬುದು ಗುಂಡು ಹಾರಿದ ಮೇಲೆ ತಿಳಿಯುವಂತಾಗಬಾರದು.

ಇನ್ನು ಮುಂದೆ ಪತ್ರಿಕೆಯಲ್ಲಿ "ಆಫ್ರಿಕದಲ್ಲಿ ಮತ್ತೆ ಯುದ್ಧ" ಎಂಬ ಶೀರ್ಷಿಕೆ ಕಂಡಾಗ ಹಾಳೆ ಮಗುಚುವ ಮೊದಲು ಮೂರು ಪ್ರಶ್ನೆಗಳನ್ನು ಹಾಕಿಕೊಳ್ಳಿರಿ: ಆ ನೆಲದಡಿಯಲ್ಲಿ ಏನಿದೆ? ಅದನ್ನು ಕೊಳ್ಳುತ್ತಿರುವವರು ಯಾರು? ಬಂದೂಕು ಯಾವ ಬಂದರಿನಲ್ಲಿ ಇಳಿಯಿತು? ಈ ಮೂರಕ್ಕೂ ಉತ್ತರ ದೊರೆತ ಮೇಲೆ, "ಬುಡಕಟ್ಟು" ಎಂಬ ಪದಕ್ಕೆ ಅಲ್ಲಿ ಇನ್ನೂ ಕೆಲಸ ಉಳಿದಿದೆಯೇ ಎಂದು ನೀವೇ ನಿರ್ಣಯಿಸಿರಿ.